ಹುಬ್ಬಕ್ಕನಿಗೆ ಸಿಕ್ಕ ಖಾಲಿ ಕೋಣೆ

ಅರ್ಜಿ ತುಂಬಿದವಳು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಆಮೇಲೆ ಹುಬ್ಬಕ್ಕ ಪಟ್ಟ ಭಯದಲ್ಲಿ ಅರ್ಧ ಪಾಲು ನನ್ನದು.

ನಾವಿಬ್ಬರೂ ಬಟ್ಟೆ ಅಂಗಡಿಯ ಗೊಂಬೆ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇವೆ. ಅವಳು ಮುಖ ಬರೆಯುತ್ತಾಳೆ, ನಾನು ಕೂದಲು ಅಂಟಿಸುತ್ತೇನೆ. ಮೂವತ್ತೊಂದು ವರ್ಷದಿಂದ ಅವಳು ಬರೆಯುತ್ತಿರುವುದು ಒಂದೇ ಮುಖ. ಕೆಲಸಕ್ಕೆ ಸೇರಿದ ದಿನ ಮಾಲೀಕರು ಒಂದು ಮಾದರಿ ಕೊಟ್ಟರು: ಬಾಗಿದ ಹುಬ್ಬು, ಅರ್ಧ ತೆರೆದ ಕಣ್ಣು, ನಗುವೋ ಸಿಡುಕೋ ಗೊತ್ತಾಗದ ತುಟಿ. ದಿನಕ್ಕೆ ಹದಿನೆಂಟು. ಹುಬ್ಬನ್ನು ಕುಂಚ ಎತ್ತದೆ ಒಂದೇ ಸಲಕ್ಕೆ ಎಳೆಯುತ್ತಾಳೆ, ಅದಕ್ಕೇ ಆ ಹೆಸರು. ನನಗಿಂತ ಹತ್ತು ವರ್ಷ ದೊಡ್ಡವಳು. ಜಗಳ ಆಡುವಾಗಲೂ ಅಕ್ಕ ಅಂತಲೇ ಕರೆಯುತ್ತೇನೆ.

ಅವಳ ಅಮ್ಮ ತೀರಿಕೊಂಡಾಗ ಅವಳಿಗೆ ಏಳು ವರ್ಷ, ತಮ್ಮನಿಗೆ ಒಂದು. ತಮ್ಮನನ್ನು ಚಿಕ್ಕಮ್ಮ ಬೇರೆ ಊರಿಗೆ ಕರೆದುಕೊಂಡು ಹೋಗಿ ಸಾಕಿದರು. ಅಮ್ಮನ ಒಂದು ಫೋಟೋ ಕೂಡ ಇಲ್ಲ. ಆ ತಮ್ಮ ಈಗ ಬಸ್ ಓಡಿಸುತ್ತಾನೆ, ಅವನಿಗೇ ಇಬ್ಬರು ಮಕ್ಕಳು. ಆದರೂ ಸಿಕ್ಕಾಗಲೆಲ್ಲ ಕೇಳುತ್ತಾನಂತೆ, "ಅಕ್ಕಾ, ಅಮ್ಮ ಹೇಗಿದ್ಲು?" ಇವಳು, "ಬರೆದು ತೋರಿಸ್ತೀನಿ ಇರೋ" ಅನ್ನುತ್ತಾಳೆ. ಹಾಗೆ ಹೇಳುತ್ತಲೇ ಇಪ್ಪತ್ತು ವರ್ಷ ಕಳೆಯಿತು.

ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದಳು, "ಮುಖ ಮರೀತಾ ಇದೆ ಕಣೇ. ಈಗ ಬರೀದಿದ್ರೆ ಇನ್ಯಾವಾಗ?" ಆದರೆ ಹದಿನೆಂಟು ಮುಖ ಬರೆದು ಮನೆಗೆ ಹೋದವಳಿಗೆ ಇನ್ನೊಂದು ಮುಖ ಬರೆಯಲು ಕೈ ಎಲ್ಲಿ ಉಳಿದಿರುತ್ತದೆ?

ನನಗೆ ಸುಮ್ಮನಿರುವ ಬುದ್ಧಿ ಇಲ್ಲ. ಬೀದಿ ತುದಿಯ ಲೈಬ್ರರಿಗೆ ಹೋಗಿ ಅಲ್ಲಿನ ಮೇಡಂ ಹತ್ತಿರ ಕೇಳಿದೆ. "ಆರ್ಟಿಸ್ಟ್ ರೆಸಿಡೆನ್ಸಿ ಅಂತ ಇರುತ್ತೆ. ಕಲಾವಿದರಿಗೆ ಒಂದು ತಿಂಗಳು ಕೋಣೆ, ಊಟ ಕೊಡ್ತಾರೆ. ಇಂಥದ್ದೇ ಮಾಡಿ ಅಂತ ಯಾರೂ ಹೇಳಲ್ಲ" ಅಂದರು. ಕಂಪ್ಯೂಟರ್ ಮುಂದೆ ಕೂರಿಸಿ ಹುಡುಕುವುದನ್ನೂ ಹೇಳಿಕೊಟ್ಟರು. "ದೊಡ್ಡ ಹೆಸರು ನೋಡಿ ಮರುಳಾಗ್ಬೇಡಿ. ಏನು ಕೊಡ್ತಾರೆ, ಬದಲಿಗೆ ಏನು ಕೇಳ್ತಾರೆ, ಅದನ್ನ ಓದಿ. ಹೋಗಿ ಬಂದೋರಿಗೆ ಒಂದು ಫೋನ್ ಮಾಡಿ."

ಒಂಬತ್ತು ಸಿಕ್ಕವು. ಕೆಲವಕ್ಕೆ ಡಿಗ್ರಿ ಬೇಕಿತ್ತು, ಕೆಲವು ನಮ್ಮ ಹತ್ತಿರವೇ ಫೀಸು ಕೇಳಿದವು, ಒಂದಕ್ಕೆ ವಯಸ್ಸು ಮೂವತ್ತೈದು ದಾಟಿರಬಾರದು. ಉಳಿದದ್ದು ಒಂದೇ. ಅಲ್ಲಿಗೆ ಹೋಗಿ ಬಂದಿದ್ದ ಕುಂಬಾರನೊಬ್ಬನಿಗೆ ಫೋನ್ ಮಾಡಿದೆ. "ಊಟ ಚೆನ್ನಾಗಿದೆ. ಮೊದ್ಲು ತಲೆ ಕೆಡುತ್ತೆ. ಓಡಿ ಬರ್ಬಾರ್ದು ಅಷ್ಟೇ" ಅಂದ. ಅಕ್ಕನಿಗೆ ಊಟದ ವಿಷಯ ಮಾತ್ರ ಹೇಳಿದೆ.

"ಏನೂ ಕೇಳದೆ ಅನ್ನ ಹಾಕೋರು ಯಾರೇ? ಕಿಡ್ನಿ ಗಿಡ್ನಿ ತೆಗೆದ್ಬಿಟ್ರೆ?" ಅಂದಳು.

"ಐವತ್ತು ವರ್ಷದ ನಿನ್ನ ಕಿಡ್ನಿ ಯಾರಿಗೆ ಬೇಕು?" ಅಂದೆ.

ಅರ್ಜಿಗೆ ಅವಳ ಕೆಲಸದ ಹತ್ತು ಫೋಟೋ ಬೇಕಿತ್ತು. ಅಂಗಡಿ ಅಂಗಡಿ ಸುತ್ತಿ ಗೊಂಬೆಗಳ ಫೋಟೋ ತೆಗೆದೆವು. ಒಬ್ಬ ಅಂಗಡಿಯವನು, "ಬಟ್ಟೆ ಬಿಟ್ಟು ಮುಖ ಯಾಕ್ರೀ?" ಅಂತ ಗದರಿದ. ಇದನ್ನು ಬರೆದವಳು ಇವಳೇ ಅಂದರೆ ನಕ್ಕುಬಿಟ್ಟ. ಹತ್ತು ಫೋಟೋ, ಒಂದೇ ಮುಖ. ಅಲ್ಲಿ ಏನು ಮಾಡುತ್ತೀರಿ ಅನ್ನುವ ಪ್ರಶ್ನೆಗೆ ಅವಳು ಹೇಳಿದ್ದನ್ನೇ ಬರೆದೆ: ನನ್ನ ತಮ್ಮ ಅಮ್ಮನ ಮುಖ ನೋಡಿಲ್ಲ, ಬರೆದು ತೋರಿಸಬೇಕು.

ಕರೆದೇಬಿಟ್ಟರು.

ದಿನಾ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು. ಒಂದು ಮೇಜು, ಎರಡು ಕುರ್ಚಿ, ದೊಡ್ಡ ಕಿಟಕಿ, ಬಿಳಿ ಗೋಡೆ. ಯಾರೂ ಬಂದು ಎಷ್ಟಾಯಿತು ಅಂತ ಕೇಳುವುದಿಲ್ಲ. "ಕೇಳಿದ್ರೆ ಎಷ್ಟೋ ವಾಸಿ ಇತ್ತು" ಅಂದಳು. ಒಂಬತ್ತನೇ ದಿನ ಬೆಳಿಗ್ಗೆಯೇ ಫೋನ್ ಮಾಡಿದಳು. "ಅಮ್ಮ ಅಂತ ಶುರು ಮಾಡ್ತೀನಿ, ಗೊಂಬೆ ಬರುತ್ತೆ. ಕೈ ತಾನೇ ಹೋಗ್ಬಿಡುತ್ತೆ ಕಣೇ."

ಹದಿನೈದನೇ ದಿನ ಪಿಸುಗುಟ್ಟಿದಳು. "ಈಗ ಕಣ್ಣು ಮುಚ್ಚಿದ್ರೂ ಗೊಂಬೇನೇ. ಅಮ್ಮನ ಕುತ್ತಿಗೆ ಮೇಲೆ ಆ ಮುಖ ಕೂತಿದೆ. ಬರೋಕೆ ಮುಂಚೆ ಮಸುಕಾಗಿ ಏನೋ ಇತ್ತು, ಅದನ್ನೂ ಅಳಿಸ್ಕೊಂಡೆ."

ಅವಳು ಬರೆದಿಟ್ಟು ಹೋದ ತಲೆಗಳು ಎದುರಿನ ಕಪಾಟಿನಲ್ಲಿ ಸಾಲಾಗಿದ್ದವು, ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಎದ್ದು ಒಂದೊಂದನ್ನೇ ಗೋಡೆ ಕಡೆ ತಿರುಗಿಸಿಟ್ಟೆ.

"ವಾಪಸ್ ಬಂದ್ಬಿಡು ಅಕ್ಕಾ" ಅನ್ನುವುದು ಬಾಯಿಗೆ ಬಂದಿತ್ತು. ಕುಂಬಾರನ ಮಾತು ನೆನಪಾಗಿ ನುಂಗಿಕೊಂಡೆ. ಕೊನೇ ದಿನ ಅಲ್ಲಿ ಎಲ್ಲರ ಕೆಲಸವನ್ನೂ ಮನೆಯವರಿಗೆ ತೋರಿಸುತ್ತಾರೆ, ತಮ್ಮ ಆಗಲೇ ರಜೆ ಹಾಕಿದ್ದ. ಅವಳೇ ಹೇಳಿದಳು, "ಯಾವ ಮುಖ ಬರೆದಿಟ್ರೂ ಅವನು ಅಮ್ಮ ಅಂತ ನಂಬ್ತಾನೆ. ನಂಗೆ ಭಯ ಆಗ್ತಿರೋದು ಅದಕ್ಕೇ. ಯಾವುದೋ ಒಂದು ಬರೆದುಬಿಡ್ತೀನೇನೋ ಅಂತ."

ಮರುದಿನದಿಂದ ಫೋನ್ ಸ್ವಿಚ್ ಆಫ್. ಅಲ್ಲಿನ ಆಫೀಸಿಗೆ ಮಾಡಿದರೆ, "ಊಟಕ್ಕೆ ಬರ್ತಿದ್ದಾರೆ, ಮಾತಾಡಲ್ಲ" ಅಂದರು. ಆ ಹದಿನೈದು ದಿನದಲ್ಲಿ ಅಂಟು ಹಚ್ಚುವಾಗ ಎರಡು ಸಲ ಬೆರಳು ಅಂಟಿಸಿಕೊಂಡೆ.

ಕೊನೇ ದಿನ ತಮ್ಮನ ಜೊತೆ ಹೊರಟೆ. ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೂ ಗುಂಡಿ ಹಾಕಿದ್ದ. ದಾರಿಯಲ್ಲಿ, "ನನ್ನ ಮೂಗು ಅಮ್ಮಂದೇ ಇರ್ಬೇಕು, ನೋಡ್ತಿರಿ" ಅಂದ. ಏನಾದರೂ ಒಂದು ಮೂಗು ಬರೆದಿಟ್ಟಿರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಸುಳ್ಳಾದರೂ ಸರಿ ಅನ್ನಿಸಿತ್ತು, ಮುಚ್ಚಿಡುವುದೇನು?

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಇಳಿದುಹೋಗಿದ್ದಳು. ನನ್ನ ಮಣಿಕಟ್ಟನ್ನು ಹಿಡಿದವಳು ಬಿಡಲೇ ಇಲ್ಲ.

ಗೋಡೆಯ ಮೇಲೆ ಒಂದೇ ಚಿತ್ರ. ಕಿಟಕಿ ಕಡೆ ತಿರುಗಿ ಹೊಲಿಗೆ ಮೆಷಿನ್ ಮೇಲೆ ಬಗ್ಗಿರುವ ಹೆಂಗಸಿನ ಬೆನ್ನು. ಹೆಗಲ ಮೇಲೆ ಅಳತೆ ಟೇಪು, ಸಡಿಲವಾದ ತುರುಬು, ಕತ್ತಿನ ಎಡಗಡೆ ತುರುಬಿಗೆ ಸಿಗದೆ ಮೇಲಕ್ಕೆ ಸುತ್ತಿಕೊಂಡ ಕೂದಲಿನ ಸುಳಿ. ಮುಖ ಇಲ್ಲ.

ತಮ್ಮ ಉಳಿದ ಮೂರು ಗೋಡೆಗಳನ್ನೂ ತಿರುಗಿ ನೋಡಿದ.

"ಕೈ ಸೋತು ನೆಲದ ಮೇಲೆ ಕೂತಿದ್ದೆ" ಅಂದಳು ಅಕ್ಕ. "ಕಿಟಕಿ ಹತ್ರ ಖಾಲಿ ಕುರ್ಚಿ ಕಾಣ್ತು. ಅಮ್ಮ ಬೆಳಕು ಬೇಕು ಅಂತ ಹಾಗೇ ತಿರುಗಿ ಹೊಲೀತಿದ್ಲು. ನಾನು ದಿನವೆಲ್ಲ ಹಿಂದೆ, ನೆಲದ ಮೇಲೆ. ನಂಗೆ ಸರಿಯಾಗಿ ಗೊತ್ತಿರೋದು ಇಷ್ಟೇ ಕಣೋ. ಮುಖ ಹೋಯ್ತು. ತಪ್ಪು ತಿಳ್ಕೋಬೇಡ."

ಅವನು ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತ, ಏಳು ವರ್ಷದ ಮಗುವಿನ ಎತ್ತರಕ್ಕೆ. ಬಹಳ ಹೊತ್ತು ನೋಡಿದ. ನನ್ನ ಮಣಿಕಟ್ಟು ನೋಯುತ್ತಿತ್ತು. ಆಮೇಲೆ ಅವನ ಕೈ ಮೆಲ್ಲಗೆ ತನ್ನದೇ ಕತ್ತಿನ ಹಿಂದಕ್ಕೆ ಹೋಯಿತು.

"ಕಟಿಂಗ್ ಶಾಪಿನೋನು ಪ್ರತಿ ಸಲ ಬೈತಾನೆ, ಈ ಸುಳಿ ಕೂರಲ್ಲ ಅಂತ" ಅಂದ.

ಅಕ್ಕ ನನ್ನ ಕೈ ಬಿಟ್ಟಳು. ಹೋಗಿ ಅವನ ಕಾಲರ್ ಕೆಳಗೆಳೆದು ನೋಡಿದಳು. ಎಡಗಡೆ, ಅಷ್ಟೇ ಎತ್ತರದಲ್ಲಿ, ಅದೇ ಸುತ್ತು. ಅವಳಿಗೂ ಅದುವರೆಗೆ ಗೊತ್ತಿರಲಿಲ್ಲ. ಅದರ ಮೇಲೆ ಅಂಗೈ ಇಟ್ಟು ಹಾಗೇ ನಿಂತುಬಿಟ್ಟಳು.

ಅವನು ತಿರುಗಲಿಲ್ಲ. "ಇನ್ಮೇಲೆ ಅದಕ್ಕೆ ಕತ್ತರಿ ಹಾಕೋಕೆ ಬಿಡಲ್ಲ ಅಕ್ಕಾ" ಅಂದ.