ಬಾರದ ತಂತಿ

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಶ್ರುತಿ ಮೇಸ್ತ್ರಿಯ ಸುಳ್ಳು ಮಾತ್ರ ಇಪ್ಪತ್ತೆಂಟು ವರ್ಷ ಚೆನ್ನಾಗಿಯೇ ನಡೆದಾಡಿತು.

ಪಿಯಾನೋ ಶ್ರುತಿ ಮಾಡುವ ಕೆಲಸ ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪನ ಕಟ್ಟಪ್ಪಣೆ ಒಂದೇ: ತಾಮ್ರ ಸುತ್ತಿದ ಮಂದ್ರದ ತಂತಿಗಳಿಗೆ ಕೈ ಹಚ್ಚಬೇಡ. ಹರೆಯದ ಹುರುಪಿನಲ್ಲಿ ಅವನು ಕೈ ಹಚ್ಚಿದ್ದು ದೊಡ್ಡಮ್ಮನ ಪಿಯಾನೋಗೇ. ಬೀದಿಗೆಲ್ಲ ದೊಡ್ಡಮ್ಮನಾಗಿದ್ದ ಆಕೆ, ಜಾಜ್ ಎಂದರೆ ಗಂಡಸರ ಕೆಲಸ ಎನ್ನುತ್ತಿದ್ದ ಕಾಲದಲ್ಲಿ ಸ್ವಂತ ಬ್ಯಾಂಡ್ ಕಟ್ಟಿದ ಮೊದಲ ಹೆಂಗಸು. ಮೇಸ್ತ್ರಿ ಅರ್ಧ ಸುತ್ತು ಹೆಚ್ಚು ತಿರುಗಿಸಿದ್ದೇ ತಡ, ತಂತಿ ಠಣ್ಣೆಂದು ತುಂಡಾಯಿತು. ಆ ಸ್ವರಕ್ಕೆ ಇದ್ದದ್ದೇ ಒಂದು ತಂತಿ.

"ಹಳೇದಾಗಿತ್ತು ದೊಡ್ಡಮ್ಮ. ಈ ದಪ್ಪದ್ದು ಈಗ ಎಲ್ಲೂ ಮಾಡಲ್ಲ. ಹುಡುಕ್ತೀನಿ."

ಹೊಸದು ತರಿಸಲು ಅಪ್ಪನಿಗೆ ಹೇಳಬೇಕಿತ್ತು. ಅದಕ್ಕಿಂತ ಬಾವಿಗೆ ಹಾರುವುದೇ ವಾಸಿ ಎನಿಸಿತ್ತು ಅವನಿಗೆ.

ಮೂರು ತಿಂಗಳಿಗೊಮ್ಮೆ ಹೋದಾಗಲೆಲ್ಲ ಆಕೆ, "ತಂತಿ ಬಂತೇನೋ?" ಎಂದು ಕೇಳುತ್ತಿದ್ದಳು. ಹನ್ನೊಂದು ವರ್ಷ ಕೇಳಿದಳು. ಅಪ್ಪ ತೀರಿಕೊಂಡ ಮೇಲೆ ಅವನು ತರಿಸಿಯೂ ತರಿಸಿದ. ಆದರೆ ಈಗೆಲ್ಲಿಂದ ಬಂತೆಂದು ಕೇಳಿದರೆ ಏನು ಹೇಳುವುದು? ಮುಂದಿನ ಸಲ ಹೇಳೋಣ ಎಂದು ಚೀಲದಲ್ಲೇ ಇಟ್ಟುಕೊಂಡ. ಮುಂದಿನ ಸಲಕ್ಕೆ ದೊಡ್ಡಮ್ಮ ಇರಲಿಲ್ಲ. ತಂತಿ ಅಂದಿನಿಂದ ಚೀಲದ ತಳದಲ್ಲೇ ಇತ್ತು.

ಈಗ, ಹದಿನೇಳು ವರ್ಷದ ಮೇಲೆ, ಆ ಮನೆಗೆ ಹೊಸ ಕಾಲದ ವಾದಕರಿಬ್ಬರು ಬಂದಿದ್ದರು, ಒಬ್ಬ ಅಕ್ಕ, ಅವಳ ತಮ್ಮ. ಅಕ್ಕ ಪಿಯಾನೋ, ತಮ್ಮ ಸ್ಯಾಕ್ಸೊಫೋನ್. ದೊಡ್ಡಮ್ಮನ ರಚನೆಗಳನ್ನು ತಮ್ಮದೇ ರೀತಿಯಲ್ಲಿ, ಅವಳ ಕೋಣೆಯಲ್ಲೇ, ಅವಳ ಪಿಯಾನೋದಲ್ಲೇ ನುಡಿಸಿ ಧ್ವನಿಮುದ್ರಿಸುವವರಿದ್ದರು. ಶ್ರುತಿಗೆ ಮೇಸ್ತ್ರಿಯನ್ನೇ ಕರೆಸಿದರು.

"ತಂತಿ ಇಲ್ಲದ ಆ ಸ್ವರ ಮಾತ್ರ ಹಾಗೇ ಇರ್ಲಿ. ಆ ತಂತಿ ಕಿತ್ತದ್ದು ಯಾರು ಗೊತ್ತಾ?" ಎಂದಳು ಅಕ್ಕ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿಯ ಕೈ ಚೀಲದ ಮೇಲೆ ಹೋಯಿತು.

"ದೊಡ್ಡಮ್ಮನವರೇ ಕೀಳಿಸಿದ್ದು! ಇಲ್ನೋಡಿ, ಅವರ ಕೈಬರಹ. ಸ್ವರಗಳ ನಡುವೆ ಬರೆದ ಈ ಖಾಲಿ ಉಂಗುರಗಳೆಲ್ಲ ಮೌನ. ಗಂಡ ಹೋದ ದುಃಖ."

ಇಬ್ಬರೂ ನುಡಿಸಿ ತೋರಿಸಿದರು. ಉಂಗುರ ಬಂದಲ್ಲೆಲ್ಲ ಕೈ ಎತ್ತಿ ಸುಮ್ಮನಾಗುತ್ತಿದ್ದರು. ಕೇಳಿದವರ ಕರುಳು ಹಿಂಡುವಂತಿತ್ತು. ಮೇಸ್ತ್ರಿ ಕಾಗದದ ಹತ್ತಿರ ಬಗ್ಗಿದ. ಪ್ರತಿ ಉಂಗುರವೂ ಒಂದೇ ಗೆರೆಯ ಮೇಲೆ, ಆ ಒಂದು ಸ್ವರದ ಜಾಗದಲ್ಲೇ ಕೂತಿತ್ತು. ತಂತಿ ಬಂದ ಮೇಲೆ ತುಂಬಲೆಂದು ಬಿಟ್ಟ ಜಾಗ.

"ಅದು ಮೌನ ಅಲ್ಲಮ್ಮ," ಎಂದ. "ಅವರು ಕಾಯ್ತಾ ಇದ್ರು." ಉಳಿದದ್ದನ್ನೂ ಹೇಳಿದ, ಒಂದನ್ನೂ ಬಿಡದೆ.

ತಮ್ಮ ರೇಗಿದ. "ಏನ್ರೀ ಇದು! ನಮ್ಮ ಆಲ್ಬಮ್ ನಿಂತಿರೋದೇ ಆ ಮೌನದ ಮೇಲೆ!"

ಅಕ್ಕ ಕಾಗದದ ಉಂಗುರಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದಳು. ಆಮೇಲೆ, "ಹಾಕಿ," ಎಂದಳು.

ಮೇಸ್ತ್ರಿ ಚೀಲದ ತಳದಿಂದ ತಂತಿ ತೆಗೆದ. ಹೊಸ ತಂತಿ ಜಗ್ಗುತ್ತದೆಂದು ಮತ್ತೆ ಮತ್ತೆ ಬಿಗಿದ, ಎಲ್ಲೂ ಅರ್ಧ ಸುತ್ತು ಹೆಚ್ಚಾಗದಂತೆ.

ಅದೇ ಹಾಡು ಮತ್ತೆ ಶುರುವಾಯಿತು. ಉಂಗುರ ಬಂದಲ್ಲಿ ಅಕ್ಕ ಆ ಸ್ವರ ಒತ್ತಿದಳು. ದಢೂತಿ ಮನುಷ್ಯನೊಬ್ಬ ಮೆಟ್ಟಿಲು ತಪ್ಪಿ ದೊಪ್ಪನೆ ಕೂತಂತಾಯಿತು. ಎರಡನೇ ಉಂಗುರಕ್ಕೆ ಮತ್ತೆ ದೊಪ್! ಮೂರನೆಯದಕ್ಕೆ, ಸಿಟ್ಟಿನಲ್ಲೇ ಇದ್ದ ತಮ್ಮನಿಗೂ ನಗು ತಡೆಯಲಾಗದೆ ಸ್ಯಾಕ್ಸೊಫೋನ್ ಕಿರುಚಿತು.

ಅದು ಅಳುವ ಹಾಡಾಗಿರಲೇ ಇಲ್ಲ. ದೊಡ್ಡಮ್ಮ ಬರೆದದ್ದು ತಮಾಷೆ. ನಗು ಬರಿಸುವ ಆ ಒಂದು ದೊಪ್ಪನ್ನು ಕೇಳದೆಯೇ ಹೋಗಿಬಿಟ್ಟಿದ್ದಳು.

ಅಕ್ಕತಮ್ಮ ನಗುತ್ತಿದ್ದರು. ಮೇಸ್ತ್ರಿ ಗೋಡೆಯ ಕಡೆ ತಿರುಗಿ ನಿಂತ.

"ಬಂತು ದೊಡ್ಡಮ್ಮ," ಎಂದ. "ತಂತಿ ಬಂತು."