ಬಿಷಪ್ಪನ ಪುಡಿಕಾಸು

ಮಹೇಶ್ವರನದು ಹುಚ್ಚೆಂದರೆ ಹುಚ್ಚು. ಊರು ಕಾಸರಗೋಡು, ಕೆಲಸ ತಿರುವನಂತಪುರದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ, ಕೂಡಿಸಿದ್ದು ಮಾತ್ರ ಜರ್ಮನಿಯ ಚಿಲ್ಲರೆ! ಹಿಂದೆ ಅಲ್ಲಿ ಬಿಷಪ್ಪರೇ ರಾಜರಾಗಿ ಆಳುತ್ತಿದ್ದ ಪುಟ್ಟ ರಾಜ್ಯಗಳಿದ್ದವು. ಅವರ ಚಿನ್ನದ ನಾಣ್ಯ ಇವನಿಗೆಲ್ಲಿ ಎಟುಕಬೇಕು? ಬಡವರ ಕೈಯಲ್ಲಿ ಸವೆದ ಫೆನ್ನಿಂಗ್ ಎಂಬ ಪುಡಿಕಾಸನ್ನೇ ಅಂಚೆಯಲ್ಲಿ ತರಿಸಿ, ಇಪ್ಪತ್ತಾರು ವರ್ಷಗಳಲ್ಲಿ ನೂರೆಂಬತ್ತು ಸೇರಿಸಿದ. ಕಚೇರಿಯವರು ನಕ್ಕರು. ನಗಲಿ, ಅವರಿಗೇನು ಗೊತ್ತು ಮಣ್ಣಾಂಗಟ್ಟಿ!

ಅದರಲ್ಲೊಂದು ಬಾಂಬರ್ಗಿನ ಬಿಷಪ್ಪನದು. ತಾಮ್ರದ ಮೇಲೆ ಬೆಳ್ಳಿಯ ತೆಳು ಪೊರೆ, ಅದರ ಮೇಲೆ ಹಳೆಯ ಕಪ್ಪು. ಆ ಕಪ್ಪಿನಲ್ಲಿ ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವ ಇಸವಿ ಯಾವ ಮುದ್ರಿತ ಪಟ್ಟಿಯಲ್ಲೂ ಇರಲಿಲ್ಲ. ಅದು ಪಟ್ಟಿ ಸೇರಬೇಕು, ಕೆಳಗೆ ಸಣ್ಣಕ್ಷರದಲ್ಲಾದರೂ ತನ್ನ ಹೆಸರಿರಬೇಕು. ಆ ಮನುಷ್ಯ ಜೀವನದಲ್ಲಿ ಆಸೆಪಟ್ಟದ್ದು ಇಷ್ಟೇ. ಫೋಟೋದಲ್ಲಿ ಅಂಕಿ ಮೂಡುತ್ತಿರಲಿಲ್ಲ. ೨೦೦೬ರಲ್ಲಿ ಪಟ್ಟಿ ಮಾಡುವ ಜರ್ಮನ್ ಪಂಡಿತರು ಫೋರ್ಟ್ ಕೊಚ್ಚಿಗೆ ಪ್ರವಾಸ ಬಂದವರು, ನಾಣ್ಯವನ್ನೇ ತನ್ನಿ ಎಂದರು.

ಹೊರಡುವ ಬೆಳಗ್ಗೆ ಹೆಂಡತಿ ಸೌದಾಮಿನಿ ಅದನ್ನು ಬಟ್ಟೆಯ ಚೀಲದಲ್ಲಿಟ್ಟು ಬಾಯಿ ಹೊಲಿದು ಕೊಟ್ಟಳು. "ದಾರಿಯಲ್ಲಿ ಬಿಚ್ಬೇಡಿ, ಬಿದ್ದುಹೋದೀತು." ಅಂತೂ ಇವಳಿಗೂ ಮನಸ್ಸು ಬಂತಲ್ಲ ಎಂದು ತಂಪಾನೂರು ನಿಲ್ದಾಣದಲ್ಲಿ ರೈಲು ಹತ್ತುವಾಗ ಅವನಿಗೆ ಎಲ್ಲಿಲ್ಲದ ಸಂತೋಷ.

ಪಂಡಿತರು ಇಳಿದಿದ್ದ ಹೋಟೆಲಿನಲ್ಲಿ ಹೊಲಿಗೆ ಬಿಚ್ಚಿದರೆ, ಅಯ್ಯೋ! ಹೊಸ ಚೊಂಬಿನ ಹಾಗೆ ಕೆಂಪಗೆ ಹೊಳೆಯುವ ತಾಮ್ರದ ಬಿಲ್ಲೆ. ದೇವರ ದೀಪ ಬೆಳಗುವ ಹಾಗೆ ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದ್ದಳು ಪುಣ್ಯಾತ್ಗಿತ್ತಿ. ಬೆಳ್ಳಿಯೂ ಹೋಗಿತ್ತು, ಇಸವಿಯೂ ಹೋಗಿತ್ತು. ಪಂಡಿತರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಕ್ಷಮಿಸಿ, ಏನೂ ಕಾಣುತ್ತಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ ಚಹಾ ತರಿಸಿದರು. ಮಹೇಶ್ವರ ಅದನ್ನು ಕುಡಿದ.

ಮನೆಗೆ ಫೋನ್ ಮಾಡಲಿಲ್ಲ. ಮಾಡಿ ಹೇಳುವುದೇನು? ಬದುಕೇ ಸಾಕಪ್ಪಾ ಅನ್ನಿಸಿತ್ತು. ಹೆಂಡತಿಗೆ ಬೈಯಲು ರೈಲಿನುದ್ದಕ್ಕೂ ಮಾತು ಜೋಡಿಸಿದ.

ಮರುದಿನ ಬಾಗಿಲಿಗೆ ಬಂದಾಗ ಅವಳೇ ಓಡಿ ಬಂದಳು. ಬೆರಳುಗಳು ಹುಳಿಗೆ ಸುಕ್ಕಾಗಿದ್ದವು. "ಎಂತ ಹೇಳಿದ್ರು ಅವ್ರು? ಖುಷಿಯಾಯ್ತಾ ಅವ್ರಿಗೆ? ಉಳಿದದ್ದನ್ನೂ ತಿಕ್ಕಿಟ್ಟಿದ್ದೇನೆ ಮಾರಾಯ್ರೆ, ಒಂದೂ ಬಿಡ್ಲಿಲ್ಲ. ಬನ್ನಿ, ನೋಡಿ."

ಅಂಗಳದ ಚಾಪೆಯ ಮೇಲೆ ನೂರೆಪ್ಪತ್ತೊಂಬತ್ತು ಬಿಲ್ಲೆಗಳು ಬಿಸಿಲಿಗೆ ಒಣಗುತ್ತಿದ್ದವು. ಮಹೇಶ್ವರ ಒಂದನ್ನೆತ್ತಿ ಕಣ್ಣು ಕಿರಿದು ಮಾಡಿ ನೋಡಿದ.

"ಇಷ್ಟು ವರ್ಷ ನಿಮ್ಮ ಕೆಲಸಕ್ಕೆ ನಾನು ಕೈ ಹಾಕ್ಲೇ ಇಲ್ಲ, ಅಲ್ವಾ?" ಎಂದಳು ನಾಚಿಕೊಂಡು.

ಅವನು ಬೈಯಲಿಲ್ಲ, ಅತ್ತುಬಿಟ್ಟ. ಸಂತೋಷಕ್ಕೆ ಅಳುತ್ತಿದ್ದಾರೆಂದುಕೊಂಡು ಅವಳು ಸೆರಗಿನಿಂದ ಅವನ ಕಣ್ಣೊರೆಸಿದಳು.