ದಿನಕ್ಕೆ ಎರಡು ಗಂಟೆಯ ಓಟ

ಇದು ನಡೆದು ಮೂರು ವರ್ಷವಾಯಿತು. ಆಗ ಕಾಪುವಿನಲ್ಲಿ ಹೆದ್ದಾರಿ ಬದಿಗೆ ನನ್ನದೊಂದು ಹಳೆ ವಾಹನಗಳ ಯಾರ್ಡ್ ಇತ್ತು. ಈಗಲೂ ಉಂಟು, ಸ್ವಲ್ಪ ದೊಡ್ಡದಾಗಿದೆ ಅಷ್ಟೆ. ಕಾರ್ಕಳದ ಗ್ಯಾರೇಜೊಂದರಲ್ಲಿ ಗಾಡಿ ತೊಳೆಯುವ ಕೆಲಸದಿಂದ ಮೇಲೆ ಬಂದವನು ನಾನು. ಯಾರೇ ಬರಲಿ, ಗಾಡಿ ತೋರಿಸುವ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದೆ: "ದಿನಕ್ಕೆ ಎಷ್ಟು ಓಡ್ತದೆ?" ಐವತ್ತು ಕಿಲೋಮೀಟರ್ ದಾಟಿದರೆ ಡೀಸೆಲ್, ಇಲ್ಲದಿದ್ದರೆ ಪೆಟ್ರೋಲ್. ಭಾರ ಎಳೆಯುವ ಕೆಲಸವೂ ಸೇರಿದರೆ ಯೋಚನೆಯೇ ಬೇಡ, ಡೀಸೆಲ್. ಈ ಪ್ರಶ್ನೆಯ ಮೇಲೆ ನನಗೆ ಎಷ್ಟು ನಂಬಿಕೆಯಿತ್ತೆಂದರೆ, ಉತ್ತರ ಸಿಕ್ಕ ಮೇಲೆ ಎರಡನೇ ಮಾತು ಕೇಳುತ್ತಿರಲಿಲ್ಲ.

ಎರ್ಮಾಳಿನಿಂದ ಸುಂದರಣ್ಣ ಮತ್ತು ಅವರ ಹೆಂಡತಿ ಗಿರಿಜಕ್ಕ ಬಂದದ್ದು ಒಂದು ಬೆಳಿಗ್ಗೆ. ಸುಂದರಣ್ಣನಿಗೆ ಅರವತ್ತರ ಹತ್ತಿರ, ಸ್ವಂತದ ಒಂದು ಸಣ್ಣ ಫೈಬರ್ ದೋಣಿ. ಗಿರಿಜಕ್ಕ ಮೀನು ಮಾರುವವರು. ಅವರ ಕಡೆ ಕಡಲು ಕೊರೆದು ಕೊರೆದು ದಡದಲ್ಲಿ ದೋಣಿ ಇಡುವಷ್ಟು ಮರಳೇ ಉಳಿದಿರಲಿಲ್ಲ. ದಿನಾ ದೋಣಿಯನ್ನು ಟ್ರೈಲರ್ ಮೇಲೆ ಹತ್ತಿಸಿ ಮನೆಯಂಗಳಕ್ಕೆ ತರಬೇಕು. ಇಷ್ಟು ದಿನ ನಾಲ್ಕು ಜನ ಸೇರಿ ದೂಡುತ್ತಿದ್ದರು. ಈಗ ಜನ ಸಿಗುವುದಿಲ್ಲ, ಜೊತೆಗೆ ಸುಂದರಣ್ಣನ ಬಲ ಭುಜದ ಆಪರೇಷನ್ ಆಗಿತ್ತು. ಹಗ್ಗ ಎಳೆಯುವುದು, ದೋಣಿ ದೂಡುವುದು ಎರಡೂ ಇನ್ನು ಕೂಡದು ಎಂದು ಮಣಿಪಾಲದ ಡಾಕ್ಟರು ಹೇಳಿದ್ದರು.

"ಎಳೆಯಲಿಕ್ಕೆ ಗಾಡಿ ಸಿಕ್ಕಿದರೆ ಕಡಲಿಗೆ ಹೋಗ್ತೇನೆ. ಇಲ್ಲದಿದ್ದರೆ ದೋಣಿ ಮಾರಿ ಕೊಡುವುದೇ. ಪಡುಬಿದ್ರಿಯವರೊಬ್ಬರು ನೋಡಿ ಹೋಗಿದ್ದಾರೆ," ಎಂದರು ಸುಂದರಣ್ಣ. ಆ ಮಾತಿಗೆ ಗಿರಿಜಕ್ಕ ಮುಖ ಅತ್ತ ತಿರುಗಿಸಿದರು.

ನಾನು ಪ್ರಶ್ನೆ ಹಾಕಿದೆ. ದಿನಕ್ಕೆ ಎಷ್ಟು ಓಡ್ತದೆ?

"ಎರಡು ಗಂಟೆ ಓಡ್ತದೆ," ಎಂದರು ಸುಂದರಣ್ಣ.

ಎರಡು ಗಂಟೆ ಎಂದರೆ ನಮ್ಮ ರಸ್ತೆಗಳಲ್ಲಿ ಅರವತ್ತು ಕಿಲೋಮೀಟರ್. ದೋಣಿ ಎಳೆದ ಮೇಲೆ ಅದರಲ್ಲೇ ಮೀನು ಹಾಕಿಕೊಂಡು ಉಡುಪಿ ಮಾರ್ಕೆಟ್ಟಿಗೆ ಹೋಗುವವರು ಎಂದುಕೊಂಡೆ. ಗಿರಿಜಕ್ಕ, "ಓಡುವುದು ಅಂತಲ್ಲ ಅಣ್ಣ, ಅದು..." ಎಂದು ಬಾಯಿ ತೆರೆದರು. ಚೌಕಾಸಿ ಶುರುವಾಯಿತೆಂದು ತಿಳಿದು ನಾನು, "ಅಕ್ಕ, ರೇಟು ಆಮೇಲೆ ಮಾತಾಡುವ," ಎಂದುಬಿಟ್ಟೆ. ಎರಡು ವರ್ಷ ಹಳೆಯ ಡೀಸೆಲ್ ಜೀಪು ತೋರಿಸಿದೆ. ಆಮೇಲಿನ ರೇಟಿನ ಮಾತಿನಲ್ಲಿ ಗೆದ್ದದ್ದು ಗಿರಿಜಕ್ಕನೇ.

"ಬಂಗುಡೆ ಮಾರುವವಳ ಹತ್ತಿರ ನೀವು ಎಂತ ವ್ಯಾಪಾರ ಮಾಡುವುದು ಮಾರಾಯ್ರೆ?" ಎಂದು ನಗುತ್ತ, ಹೊಸ ಮ್ಯಾಟನ್ನೂ ಸೇರಿಸಿ ಒಯ್ದರು. ಸ್ಟಿಯರಿಂಗ್ ಹಿಡಿದದ್ದೂ ಅವರೇ. ಗಂಡನ ಭುಜ ಹೋದ ಮೇಲೆ ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಎರಡನೇ ಸಲಕ್ಕೆ ಲೈಸೆನ್ಸ್ ಪಾಸಾಗಿದ್ದರು.

ಐದು ವಾರದ ನಂತರ ಅವರ ಫೋನು ಬಂತು. ದನಿಯಲ್ಲಿ ನಗುವಿರಲಿಲ್ಲ.

"ದಿನೇಶಣ್ಣ, ನಿಮ್ಮ ಗಾಡಿಗೆ ಉಸಿರು ಕಟ್ಟಿದೆ. ನಿನ್ನೆ ದೋಣಿ ಅರ್ಧಕ್ಕೆ ನಿಂತಿತು, ನೀರು ಏರ್ತಾ ಇತ್ತು. ನಾನು ಬೇಡ ಬೇಡ ಅಂದರೂ ಇವರು ಭುಜ ಕೊಟ್ಟರು. ಈಗ ಕೈ ಎತ್ತಲಿಕ್ಕೆ ಆಗುವುದಿಲ್ಲ. ಪಡುಬಿದ್ರಿಯವರಿಗೆ ಭಾನುವಾರ ಬನ್ನಿ ಅಂತ ಹೇಳಿ ಆಯ್ತು."

ಅಂದು ಗುರುವಾರ. ನಾನು ಆಗಲೇ ಹೊರಟೆ. ಅಂಗಳದಲ್ಲಿದ್ದ ಜೀಪಿನ ಕೀ ತಿರುಗಿಸಿದರೆ ಡಿಪಿಎಫ್ ದೀಪ ಉರಿಯುತ್ತಿತ್ತು. ಹೊಸ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಅದು ಡಿಪಿಎಫ್. ಗಾಡಿ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿದರೆ ಆ ಬಿಸಿಗೆ ಮಸಿ ತಾನಾಗಿ ಉರಿದುಹೋಗುತ್ತದೆ. ಓಡದಿದ್ದರೆ ಫಿಲ್ಟರ್ ಕಟ್ಟುತ್ತದೆ, ಎಂಜಿನ್ ತನ್ನ ಶಕ್ತಿ ತಾನೇ ತಗ್ಗಿಸಿಕೊಳ್ಳುತ್ತದೆ. ಆದರೆ ದಿನಕ್ಕೆ ಎರಡು ಗಂಟೆ ಓಡುವ ಗಾಡಿಗೆ ಇದು ಯಾಕೆ ಬರಬೇಕು? ಮೀಟರ್ ನೋಡಿದೆ. ಐದು ವಾರಕ್ಕೆ ನಲವತ್ತೊಂದು ಕಿಲೋಮೀಟರ್.

"ಸುಂದರಣ್ಣ, ಎರಡು ಗಂಟೆ ಅಂದಿರಲ್ಲ?"

"ಹೌದು, ಎರಡು ಗಂಟೆಯೇ. ದಿನಾ ಎಂಜಿನ್ ಎರಡು ಗಂಟೆ ಚಾಲೂ ಇರ್ತದೆ."

ಆಗ ನನಗೆ ಅರ್ಥವಾಯಿತು. ಕಡಲಿನವರಿಗೆ ಎಂಜಿನ್ನಿನ ಓಟವೆಂದರೆ ಗಂಟೆ. ನೀರಿನ ಮೇಲೆ ಕಿಲೋಮೀಟರ್ ಕಲ್ಲು ಎಲ್ಲಿದೆ? ಅವರು ಸರಿಯಾಗಿಯೇ ಹೇಳಿದ್ದರು. ನಾನು ರಸ್ತೆಯವನ ಕಿವಿಯಿಂದ ಕೇಳಿದ್ದೆ.

"ನಿಂತ ಗಾಡಿಯ ಎಂಜಿನ್ ಯಾಕೆ ಚಾಲೂ?" ಎಂದೆ.

ಗಿರಿಜಕ್ಕ ಸೆರಗಿನ ತುದಿ ನೋಡುತ್ತ ಹೇಳಿದರು: "ಇವರು ಬರುವಾಗ ಸಂಜೆ ಮಬ್ಬಾಗಿರ್ತದೆ. ನಾನು ದಂಡೆಯಲ್ಲಿ ಕಡಲಿಗೆ ಮುಖ ಮಾಡಿ ಗಾಡಿ ನಿಲ್ಲಿಸಿ ಲೈಟ್ ಹಾಕ್ತೇನೆ. ಎಂಜಿನ್ ಬಂದ್ ಮಾಡಿದರೆ ಬ್ಯಾಟರಿ ಇಳಿದು ಲೈಟ್ ಹೋದರೆ? ಅವತ್ತು ಅದನ್ನೇ ಹೇಳಲಿಕ್ಕೆ ಹೊರಟದ್ದು. ನೀವು ಬಿಡಲಿಲ್ಲ."

ಉಪದೇಶ ಮಾಡುವ ಚಟ ನನ್ನದು. "ಒಂದು ಎಲ್‌ಇಡಿ ದೀಪ ಕಂಬಕ್ಕೆ ಕಟ್ಟಿದರೆ ಆಯ್ತಲ್ಲ ಅಕ್ಕ?"

"ಕಂಬದ ದೀಪ ಇವರು ಬಂದದ್ದು ನೋಡ್ತದಾ? ದೋಣಿ ಕಂಡ ಕೂಡಲೇ ನಾನು ಲೈಟ್ ಎರಡು ಸಲ ಮಿನುಗಿಸಬೇಕಲ್ಲ."

ಅವರು ಚಾ ತರಲು ಒಳಗೆ ಹೋದಾಗ ಸುಂದರಣ್ಣ ತಗ್ಗಿದ ದನಿಯಲ್ಲಿ ಹೇಳಿದರು: "ಮೊಬೈಲಲ್ಲಿ ಜಿಪಿಎಸ್ ಉಂಟು, ದಾರಿ ತಪ್ಪುವುದಿಲ್ಲ. ಆದರೆ ಆ ಎರಡು ಮಿನುಗು ನೋಡದೆ ದೋಣಿ ದಡಕ್ಕೆ ತಿರುಗಿಸಲಿಕ್ಕೆ ಮನಸ್ಸು ಬರುವುದಿಲ್ಲ. ಅವಳಿಗೆ ಹೇಳಬೇಡಿ."

ನನ್ನ ಯಾರ್ಡಿನ ಮೂಲೆಯಲ್ಲಿ ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಫೋರ್-ವೀಲ್ ಜೀಪೊಂದು ಬಿದ್ದಿತ್ತು. ಮೈಲೇಜ್ ಕೇಳಿದವರೆಲ್ಲ ಅದನ್ನು ಬಿಟ್ಟು ಹೋಗುತ್ತಿದ್ದರು. ಡೀಸೆಲ್ಲಿನಷ್ಟು ಎಳೆತ ಪೆಟ್ರೋಲಿಗಿಲ್ಲ, ನಿಜ. ಆದರೆ ಏಳುನೂರು ಕಿಲೋದ ದೋಣಿ-ಟ್ರೈಲರನ್ನು ಅರ್ಧ ಕಿಲೋಮೀಟರ್ ತರಲು ಲೋ ಗೇರ್ ಧಾರಾಳ ಸಾಕು. ಪೆಟ್ರೋಲ್ ಸ್ವಲ್ಪ ಹೆಚ್ಚು ಕುಡಿಯುತ್ತದೆ; ನಿಂತಲ್ಲೇ ಚಾಲೂ ಇರುವ ಎರಡು ಗಂಟೆ ಸೇರಿಸಿದರೂ, ಇಷ್ಟು ಕಡಿಮೆ ಓಟದಲ್ಲಿ ಅದು ದೊಡ್ಡ ವಿಷಯವಲ್ಲ. ಮುಖ್ಯವಾಗಿ, ಅದರಲ್ಲಿ ಕಟ್ಟಿಕೊಳ್ಳುವ ಮಸಿ ಫಿಲ್ಟರ್ ಇಲ್ಲ. ಹೊಸ ಬ್ಯಾಟರಿ ಹಾಕಿಸಿ, ಡೀಸೆಲ್ ಜೀಪಿನ ಬದಲಿಗೆ ಕೊಡಲು ಶನಿವಾರ ಮಧ್ಯಾಹ್ನ ನಾನೇ ಒಯ್ದೆ.

ಎಳೆದು ನೋಡಲೆಂದು ಅದೇ ಗಾಡಿಯಲ್ಲಿ ದೋಣಿಯನ್ನು ಅಲೆಯ ಅಂಚಿಗೆ ಇಳಿಸಿದೆವು. ಗಾಡಿ ದಂಡೆಯ ಗಟ್ಟಿ ನೆಲದಲ್ಲಿ, ನಡುವೆ ಟ್ರೈಲರ್, ಅದರ ಮೇಲಿಂದ ದೋಣಿಗೆ ಕಟ್ಟಿದ ಉದ್ದದ ಹಗ್ಗ. ಸುಂದರಣ್ಣ ದೋಣಿಯ ಬದಿಗೆ ಹೋದದ್ದೇ ತಡ, ಗಿರಿಜಕ್ಕ ಕಿಟಕಿಯಿಂದ ಕೂಗಿದರು: "ಕೈ ಹಿಂದೆ! ಕೈ ಹಿಂದೆ ಕಟ್ಟಿಕೊಳ್ಳಿ!" ಅವರು ಶಾಲೆಯ ಮಕ್ಕಳಂತೆ ಕೈ ಹಿಂದೆ ಕಟ್ಟಿ ನಿಂತರು. ಲೋ ಗೇರ್ ಬಿತ್ತು, ಹಗ್ಗ ಬಿಗಿಯಿತು. ಒಂದು ಕ್ಷಣ ಏನೂ ಅಲುಗಲಿಲ್ಲ. ಆಮೇಲೆ ದೋಣಿ ಮರಳು ಬಿಟ್ಟು, ಆತುರವಿಲ್ಲದೆ, ಟ್ರೈಲರ್ ಏರಿತು. ಯಾರೂ ಕೈ ಹಚ್ಚಲಿಲ್ಲ.

ಸುಂದರಣ್ಣ ಅಲ್ಲೇ ನಿಂತು ಪಡುಬಿದ್ರಿಗೆ ಫೋನ್ ಮಾಡಿದರು. "ನಾಳೆ ಬರಬೇಡಿ ಮಾರಾಯ್ರೆ. ದೋಣಿ ಕೊಡುವುದಿಲ್ಲ."

ಅಂದಿನಿಂದ ನಾನು ಎಷ್ಟು ಓಡ್ತದೆ ಎಂದು ಕೇಳುವುದಿಲ್ಲ. ಗಾಡಿಯ ಒಂದು ದಿನ ಹೇಗೆ ಹೋಗ್ತದೆ, ಬೆಳಿಗ್ಗೆಯಿಂದ ಹೇಳಿ ಎನ್ನುತ್ತೇನೆ. ಮತ್ತು ಸ್ಟಿಯರಿಂಗ್ ಹಿಡಿಯುವವರ ಹತ್ತಿರವೇ ಕೇಳುತ್ತೇನೆ. ಅವರು ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿ ಕೂರುವುದನ್ನು ಕಲಿಯಲು ನನಗೆ ಇಷ್ಟು ವರ್ಷ ಬೇಕಾಯಿತು. ಪೆಟ್ರೋಲೋ ಡೀಸೆಲ್ಲೋ ಎಂಬುದು ಆಮೇಲೆ ಸುಲಭ.

ಹೋದ ತಿಂಗಳು ಎರ್ಮಾಳಿಗೆ ಹೋಗಿದ್ದಾಗ, ಗಾಡಿ ಹೇಗುಂಟು ಎಂದು ಕೇಳಿದೆ.

"ಒಳ್ಳೆಯದುಂಟು. ಒಂದೇ ತೊಂದರೆ," ಎಂದರು ಸುಂದರಣ್ಣ. "ಡೀಸೆಲ್ಲಿನ ಶಬ್ದದಲ್ಲಿ ಇವಳು ಬೈಯುವುದು ಕೇಳ್ತಿರಲಿಲ್ಲ. ಈಗ ದಡ ಮುಟ್ಟುವ ಮೊದಲೇ ಕೇಳ್ತದೆ."

ಒಳಗಿನಿಂದ ಗಿರಿಜಕ್ಕನ ದನಿ ಬಂತು: "ಕೇಳಲಿ ಅಂತಲೇ ಬೈಯುವುದು. ಕೇಳಿದರೆ ಹತ್ತಿರ ಬಂದಿದ್ದೀರಿ ಅಂತ ಅಲ್ವಾ?"